ಪ್ರಭುರಾಜನಿಗೆ ಹೇಳಿದ ಮಳೆ

ಶುಕ್ರವಾರ ಬೆಳಿಗ್ಗೆ ಕೃಷಿ ಕೇಂದ್ರದಿಂದ ವಾರದ ಹವಾಮಾನ ಮುನ್ನೋಟ ಬಂದಾಗ ಲಲಿತಾ ಅದನ್ನು ಮೊದಲು ನಿಂತುಕೊಂಡೇ ಓದಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದಳು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ. ಭಾನುವಾರದಿಂದ ಗಂಗಾವತಿ ಮತ್ತು ಕೊಪ್ಪಳ ತಾಲೂಕುಗಳಲ್ಲಿ ಭಾರೀ ಮಳೆ, ಕುಷ್ಟಗಿ ಮತ್ತು ಯಲಬುರ್ಗಾ ತಾಲೂಕುಗಳಲ್ಲಿ ಸಾಧಾರಣ ಮಳೆ. ಒಣಗಲು ಹರವಿದ ಭತ್ತವನ್ನು ಕೂಡಲೇ ಸುರಕ್ಷಿತ ಜಾಗಕ್ಕೆ ಸಾಗಿಸಬೇಕು. ಈ ಕೊನೆಯ ಸಾಲಿಗೆ ಬರುವ ಹೊತ್ತಿಗೆ ಅವಳ ಕಣ್ಣ ಮುಂದೆ ಒಬ್ಬನೇ ಒಬ್ಬನ ಭತ್ತ ಬಂದು ನಿಂತಿತ್ತು. ಅದು ಪ್ರಭುರಾಜನದು.

ಹೊಟ್ಟೆಯೊಳಗೆ ಯಾರೋ ತಣ್ಣನೆಯ ಹಾಲು ಹೊಯ್ದಂತಾಯಿತು. ಎರಡು ವರ್ಷದಿಂದ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ ಮಳೆ ಇದು.

ಲಲಿತಾ ಗಂಗಾವತಿಯ ಎಪಿಎಂಸಿ ಯಾರ್ಡಿನ ಮೇಲಂತಸ್ತಿನಲ್ಲಿರುವ 'ಎಡದಂಡೆ ಬಾನುಲಿ'ಯ ಉದ್ಘೋಷಕಿ. ಪುಟ್ಟ ರೇಡಿಯೋ ಕೇಂದ್ರ. ಇಕ್ಕಟ್ಟಾದ ಕೋಣೆ, ಒಂದು ಮೈಕು, ಯಂತ್ರಗಳನ್ನು ನೋಡಿಕೊಳ್ಳಲು ಮಾಜೀದ ಎಂಬ ಇಂಜಿನಿಯರು. ಪ್ರತಿ ಶುಕ್ರವಾರ ಮಧ್ಯಾಹ್ನ ಅವಳು ನಾಲ್ಕು ತಾಲೂಕುಗಳ ಹವಾಮಾನ ಓದುತ್ತಾಳೆ. ಮಾಜೀದ ಅದನ್ನೇ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬಿಡುತ್ತಾನೆ. ಬೇಸಿಗೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಆದರೆ ಕಾರ್ತಿಕ ಮುಗಿಯುವ ಹೊತ್ತಿಗೆ ಕೊಯ್ಲಿನ ಯಂತ್ರಗಳು ಗದ್ದೆಗಿಳಿದು ಹಸಿ ಭತ್ತವನ್ನು ಉಗುಳತೊಡಗುತ್ತವೆ. ಆಗ ಈ ಸೀಮೆಯಲ್ಲಿ ಡಾಂಬರು ಕಂಡಲ್ಲೆಲ್ಲ ಭತ್ತ. ಕಾಲುವೆ ರಸ್ತೆಯಲ್ಲಿ ಭತ್ತ, ಶಾಲೆಯ ಅಂಗಳದಲ್ಲಿ ಭತ್ತ, ಬೈಕಿನವರು ಪಕ್ಕದ ಮಣ್ಣಿಗಿಳಿದು ಹೋಗಬೇಕು. ಆ ಕೆಲವು ವಾರ ಎಲ್ಲರ ಕಿವಿ ಲಲಿತಾಳ ಬಾಯಿಯ ಮೇಲಿರುತ್ತದೆ.

ಎರಡು ವರ್ಷದ ಹಿಂದೆ ಇದೇ ಹಂಗಾಮಿನಲ್ಲಿ ಅವಳು, ಜಿಲ್ಲೆಯ ಕೆಲವು ಕಡೆ ಮಳೆ ಎಂದು ಓದಿದ್ದಳು. ಕೆಲವು ಕಡೆ ಎಂದರೆ ಕೆಲವು ಕಡೆ. ಮಳೆ ಬಂತು. ಕುಷ್ಟಗಿಗೆ ಬಂತು, ಯಲಬುರ್ಗಾಕ್ಕೆ ಬಂತು, ಕಡಲೆ ಹೊಲದವರು ಆಕಾಶಕ್ಕೆ ಅಷ್ಟಿಷ್ಟು ಬೈದುಕೊಂಡರು. ಗಂಗಾವತಿಗೆ ಮಾತ್ರ ಬರಲಿಲ್ಲ. ಅಲ್ಲಿನ ದೊಡ್ಡ ಜಮೀನಿನ ರೈತ ಪ್ರಭುರಾಜ ಮಳೆಗೆ ಹೆದರಿ ಕೊಯ್ಲು ನಿಲ್ಲಿಸಿ, ಬಾಡಿಗೆ ಯಂತ್ರವನ್ನು ಬೇರೆಯವರ ಗದ್ದೆಗೆ ಬಿಟ್ಟುಕೊಟ್ಟಿದ್ದ. ಅದು ಸುತ್ತಿ ಅವನ ಪಾಳಿಗೆ ಮತ್ತೆ ಬರುವ ಹೊತ್ತಿಗೆ ತೆನೆ ಅತಿಯಾಗಿ ಮಾಗಿ ಕಾಳು ನೆಲಕ್ಕುದುರಿತ್ತು.

ಸಿಟ್ಟು ಬಂದಿದ್ದರೆ ಬಯ್ಯಬೇಕಿತ್ತು. ಬಯ್ದಿದ್ದರೆ ಲಲಿತಾಳೂ ತಿರುಗಿ ಬಯ್ದು ಮರೆತುಬಿಡುತ್ತಿದ್ದಳು. ಅವನು ಬಯ್ಯಲಿಲ್ಲ. ಸುಡು ಬಿಸಿಲಿನ ಹೊತ್ತಿನಲ್ಲಿ ಅವಳು ಕೆಲಸ ಮುಗಿಸಿ ಮೆಟ್ಟಿಲಿಳಿದು ಬಂದಾಗ, ದೊಡ್ಡದೊಂದು ಕರೀ ಛತ್ರಿ ಬಿಚ್ಚಿ ಅವಳ ತಲೆಯ ಮೇಲೆ ಹಿಡಿದ.

"ಬರ್ರಿ ಮೇಡಂ, ತೊಯ್ದೀರಿ," ಎಂದ.

ಯಾರ್ಡಿನಿಂದ ಬಸ್ ಸ್ಟ್ಯಾಂಡಿನವರೆಗೆ ಅವಳ ಹಿಂದೆಯೇ ನಡೆದ. ಅವಳು ಬಿರುಸಾಗಿ ನಡೆದರೆ ಬಿರುಸಾಗಿ, ನಿಂತರೆ ನಿಂತು. "ದಾರಿ ಬಿಡ್ರೋ, ಮೇಡಂ ಮಳಿ ತಂದಾರ!" ಎಂದು ಕೂಗುತ್ತ ಹೋದ. ಹಮಾಲರು ಚೀಲ ಇಳಿಸಿ ನಕ್ಕರು, ದಲಾಲಿ ಅಂಗಡಿಯವರು ಗಲ್ಲೆ ಬಿಟ್ಟು ಹೊರಗೆ ಬಂದು ನಕ್ಕರು. ನಗದೆ ಇದ್ದವಳು ಯಾರ್ಡಿನ ಕಸ ಗುಡಿಸುವ ಹುಲಿಗವ್ವ ಒಬ್ಬಳೇ. ಅವಳು ಕಸಬರಿಗೆ ಎಸೆದು ಓಡಿ ಬಂದು ಲಲಿತಾಳ ಕೈ ಹಿಡಿದು, ಸಿಕ್ಕ ಬಸ್ಸಿಗೆ ಹತ್ತಿಸಿದಳು. ಬಸ್ಸು ಹುಲಿಗಿಗೆ ಹೋಗುವುದೋ ಹೊಸಪೇಟೆಗೆ ಹೋಗುವುದೋ ಎಂದು ಇಬ್ಬರೂ ನೋಡಲಿಲ್ಲ.

ಯಾರೋ ವಿಡಿಯೋ ಮಾಡಿದ್ದರು. ಸಂಜೆಗೆ ಅದು ಎಲ್ಲರ ಫೋನಿನಲ್ಲಿತ್ತು. ಲಲಿತಾಳ ತಾಯಿ ಕಳಕಮ್ಮ ಪಕ್ಕದ ಮನೆಯವರ ಫೋನಿನಲ್ಲಿ ನೋಡಿದಳು. ಹೆಂಗಸಿನ ಮುಖ ಛತ್ರಿಯ ಮರೆಗೆ ಹೋಗಿತ್ತು. ಕಳಕಮ್ಮ ಎಲ್ಲರ ಜೊತೆ ಕೂತು ಬಾಯ್ತುಂಬ ನಕ್ಕಳು. ಆಮೇಲೆ ಸೀರೆಯ ಅಂಚು ಗುರುತಾಯಿತು. ದೀಪಾವಳಿಗೆಂದು ಅವಳೇ ಆರಿಸಿ ಮಗಳಿಗೆ ತಂದ ಸೀರೆ. ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಅಂದು ರೊಟ್ಟಿಯನ್ನೂ ಬಡಿಯಲಿಲ್ಲ. ಛತ್ರಿಗಾಗಿ ಲಲಿತಾ ಪ್ರಭುರಾಜನನ್ನು ಯಾವತ್ತಾದರೂ ಕ್ಷಮಿಸುತ್ತಿದ್ದಳೇನೋ. ತಾಯಿಯ ಆ ನಗುವಿಗಾಗಿ ಕ್ಷಮಿಸುವುದು ಅವಳಿಂದ ಆಗದ ಮಾತಾಗಿತ್ತು.

ಮೊದಮೊದಲು ಅವಳು ಇದನ್ನು ಹುಲಿಗಿಯ ದೇವಿ ಹುಲಿಗೆಮ್ಮನಿಗೆ ಒಪ್ಪಿಸಿದ್ದಳು. ಪ್ರತಿ ಮಂಗಳವಾರ ಹುಲಿಗಿಗೆ ಹೋಗಿ, ನದಿಯಲ್ಲಿ ಕಾಲು ತೊಳೆದು, ತಾಯೀ ಅವನಿಗೆ ಒಂದಿಷ್ಟು ತೋರಿಸು ಎಂದು ಬೇಡಿಕೊಂಡಳು. ಆದರೆ ಅಮ್ಮನ ಮುಂದೆ ಹರಕೆಯವರ ಸಾಲು ಉದ್ದವಿತ್ತು. ಪ್ರಭುರಾಜನೂ ಅದೇ ಸಾಲಿನಲ್ಲಿ, ಇವಳಿಗಿಂತ ದೊಡ್ಡ ಕಾಯಿ ಹಿಡಿದು ನಿಂತಿರುತ್ತಿದ್ದ. ಅವನ ಹೊಲ ಹುಲುಸಾಗಿಯೇ ಬೆಳೆಯಿತು. ಲಲಿತಾ ಹುಲಿಗಿಗೆ ಹೋಗುವುದು ಬಿಟ್ಟಳು.

ಅವನು ಮಾತ್ರ ಅವಳನ್ನು ಬಿಡಲಿಲ್ಲ. ಅವಳು ಮಳೆ ಎಂದಾಗಲೆಲ್ಲ ಚಹಾದಂಗಡಿಯಲ್ಲಿ ಫೋನು ಜೋರು ಮಾಡಿ ಅವಳ ದನಿ ಹಾಕುತ್ತಿದ್ದ. "ಕೇಳ್ರಿ, ಮೇಡಂ ಮಳಿ ಅಂದಾರ. ಹೋಗಿ ಭತ್ತ ಇನ್ನಷ್ಟು ತೆಳ್ಳಗ ಹರವ್ರಿ," ಎನ್ನುತ್ತಿದ್ದ. ಯಾರಾದರೂ, ಮೊನ್ನೆ ಬಿಸಿಲು ಎಂದದ್ದು ಬರಾಬರ್ ಆಗಿತ್ತಲ್ಲ ಎಂದರೆ ಅದಕ್ಕೂ ಅವನ ಬಾಯಲ್ಲಿ ಉತ್ತರ ಸಿದ್ಧ. "ಬಿಸಲು ಅಂತ ನಮ್ಮ ಎಮ್ಮೀನೂ ಹೇಳತೈತಿ. ಮಳಿ ಅಂದಾಗ ನಗ್ರಿ." ಎರಡು ಸಲ ಹಗುರ ಮಳೆ ಎಂದು ಓದಿದಾಗ ನಾಲ್ಕು ಹನಿಯೂ ಬೀಳಲಿಲ್ಲ. ಪ್ರಭುರಾಜನ ಮಾತು ಗಟ್ಟಿಯಾಯಿತು. ಲಲಿತಾ ಮಳೆ ಎಂದರೆ ಭತ್ತಕ್ಕೆ ಹೊದಿಸುವ ತಾಡಪತ್ರಿ ಮುಟ್ಟಬಾರದು ಎನ್ನುವುದು ಅವನ ಲೇಔಟಿನಲ್ಲಿ ಕಾಯಿದೆಯಂತೆ ನಡೆಯತೊಡಗಿತು.

ಆ ಲೇಔಟು ಕನಕಗಿರಿ ರಸ್ತೆಯಲ್ಲಿತ್ತು. ನಿವೇಶನ ಮಾಡಿ ಮಾರಲೆಂದು ಗದ್ದೆಗೆ ಮಣ್ಣು ತುಂಬಿ, ಡಾಂಬರು ರಸ್ತೆ ಎಳೆದು, ಕಮಾನು ನಿಲ್ಲಿಸಿದ್ದ. ಮನೆ ಒಂದೂ ಎದ್ದಿರಲಿಲ್ಲ. ಸುಗ್ಗಿಯಲ್ಲಿ ಆ ಖಾಲಿ ರಸ್ತೆಗಳ ಉದ್ದಕ್ಕೂ ಅವನ ಸೋನಾ ಭತ್ತ ಒಣಗುತ್ತಿತ್ತು. ಈ ಸಲವೂ ಅಲ್ಲೇ ಇತ್ತು.

ಶುಕ್ರವಾರದ ಆ ಮುನ್ನೋಟವನ್ನು ಕೈಯಲ್ಲಿ ಹಿಡಿದು ಕೂತ ಲಲಿತಾಳಿಗೆ ಮೊದಲು ಹೊಳೆದದ್ದು ಕೆಟ್ಟ ದಾರಿಯೇ. ಭಾರೀ ಮಳೆ ಎಂಬುದನ್ನು ಹಗುರ ಮಳೆ ಎಂದು ಓದಿದರೆ? ಒಂದು ಪದ. ಯಾರು ಕೇಳುತ್ತಾರೆ? ಆದರೆ ಕಾಲುವೆ ರಸ್ತೆಯಲ್ಲಿ ಸಣ್ಣಪುಟ್ಟ ರೈತರ ಭತ್ತವೂ ಇತ್ತು, ಅವರು ತನಗೆ ಏನು ಮಾಡಿದ್ದರು? ಪ್ರಭುರಾಜನ ಮೇಲಿನ ಸಿಟ್ಟಿಗೆ ಊರನ್ನೇ ತೋಯಿಸಲು ಅವಳಿಗೆ ಮನಸ್ಸಾಗಲಿಲ್ಲ. ಮತ್ತೆ ಯೋಚಿಸಿದರೆ ಸುಳ್ಳಿನ ಅಗತ್ಯವೂ ಇರಲಿಲ್ಲ. ತಾನು ಇದ್ದದ್ದನ್ನು ಇದ್ದ ಹಾಗೆ ಓದಿದರೆ ಸಾಕು. ಅವನು ನಕ್ಕು, ತಾಡಪತ್ರಿ ಮುಟ್ಟದೆ ಕೂರುತ್ತಾನೆ. ಉಳಿದದ್ದನ್ನು ಮಳೆ ನೋಡಿಕೊಳ್ಳುತ್ತದೆ.

ಅಷ್ಟರಲ್ಲಿ ಹುಲಿಗವ್ವ ಕಸ ಗುಡಿಸಲು ಮೇಲೆ ಬಂದಳು. ಬೆಳಿಗ್ಗೆ ಯಾರ್ಡು, ರೇಡಿಯೋ ಗುಡಿಸಿ, ಆಮೇಲೆ ಪ್ರಭುರಾಜನ ಲೇಔಟಿಗೆ ಭತ್ತ ತಿರುವುವ ಕೂಲಿಗೆ ಹೋಗುವುದು ಅವಳ ದಿನಚರಿ.

"ಯವ್ವಾ ಲಲಿತವ್ವ, ತೂಫಾನು ಬರತೈತಂತ, ಖರೇ ಏನ? ಟೀವ್ಯಾಗ ತೋರಸಾಕತ್ತಾರಂತ. ನಮ್ಮ ಸಾವಕಾರ ಗಾಬರಿ ಆಗ್ಯಾನ. ನಾಳಿ ಮುಂಜಾನೆ ಹಮಾಲರನ್ನ ಕರಸ್ಯಾನ, ಎಲ್ಲಾ ತುಂಬಿಸಿ ಗೋದಾಮಿಗೆ ಹಾಕಸ್ತಾನಂತ," ಎಂದಳು.

ಲಲಿತಾಳ ಹೊಟ್ಟೆಯೊಳಗಿನ ಹಾಲು ಅಲ್ಲೇ ಒಡೆಯಿತು.

"ಅಂವಾ ನನ್ನ ಮಾತು ನಂಬೂದಿಲ್ಲಲ್ಲಕ್ಕಾ?"

"ನಿನ್ನ ಮಾತು ಎಲ್ಲಿ ನಂಬ್ಯಾನ? ಟೀವೀ ಮಾತು ನಂಬ್ಯಾನ. ನೀ ಇನ್ನ ಏನೂ ಹೇಳೇ ಇಲ್ಲಲ್ಲ."

ಹುಲಿಗವ್ವ ಮೇಜಿನ ಕೆಳಗೆ ಕಸಬರಿಗೆ ಆಡಿಸುತ್ತ ಹೋದಳು. ಲಲಿತಾ ಅಲ್ಲೇ ಕೂತು ಉಗುರು ಕಚ್ಚಿದಳು. ಎರಡು ವರ್ಷ ಕಾದ ಮಳೆ ಬರುತ್ತದೆ, ಅವನು ಗೋದಾಮಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಿಸಿ ಚಹಾ ಕುಡಿಯುತ್ತ ಅದನ್ನು ನೋಡುತ್ತಾನೆ. ಇದನ್ನು ನೆನೆದೇ ಅವಳಿಗೆ ಅಳು ಬಂತು. ಆಮೇಲೆ ಹುಲಿಗವ್ವನ ಕೊನೆಯ ಮಾತು ಮೆಲ್ಲಗೆ ಒಳಗಿಳಿಯಿತು. ಹೌದು, ತಾನು ಇನ್ನೂ ಹೇಳಿಲ್ಲ.

ಮಧ್ಯಾಹ್ನ ಅವಳು ಮೈಕಿನ ಮುಂದೆ ಕೂತು ಒಂದಕ್ಷರ ಬದಲಿಸದೆ ಓದಿದಳು. ಭಾರೀ ಮಳೆ ಎಂಬಲ್ಲಿ ನಿಲ್ಲಿಸಿ ಮತ್ತೊಮ್ಮೆ ಹೇಳಿದಳು. ಸಣ್ಣ ರೈತರು ದಯವಿಟ್ಟು ತಡಮಾಡಬೇಡಿ ಎಂದು ತನ್ನದೊಂದು ಮಾತು ಸೇರಿಸಿದಳು. ಮಾಜೀದ ಗಾಜಿನ ಆಚೆಯಿಂದ ಹೆಬ್ಬೆರಳು ಎತ್ತಿ ತೋರಿಸಿದ. ಎಲ್ಲ ಮುಗಿದ ಮೇಲೆ ಅವಳು ಹಿಂದಿನ ಮೆಟ್ಟಿಲಿಗೆ ಹೋಗಿ ನಿಂತು ಪ್ರಭುರಾಜನಿಗೆ ಫೋನು ಮಾಡಿದಳು. ಎರಡು ವರ್ಷದಲ್ಲಿ ಅವಳು ಅವನ ಜೊತೆ ಮಾತಾಡುತ್ತಿದ್ದದ್ದು ಇದೇ ಮೊದಲು.

"ಪ್ರಭುರಾಜಣ್ಣಾರೇನ್ರಿ? ನಾನ್ರಿ, ರೇಡಿಯೋದ ಲಲಿತಾ."



"ಓಹೋ ಮೇಡಂ! ಏನ್ ಅಪ್ಪಣಿ ಆಗಬೇಕ್ರಿ?"

"ಐತವಾರ ದೊಡ್ಡ ಮಳಿ ಐತ್ರಿ. ನಿಮ್ಮ ಮಾಲು ಭಾಳ ಐತಿ. ನಾಳಿನ ತುಂಬಿಸಿಬಿಡ್ರಿ."

"ಹಿಂಗ ಎಲ್ಲಾ ರೈತರಿಗೂ ಫೋನ್ ಮಾಡಾಕತ್ತೀರೇನ್ರಿ?"

"ಇಲ್ರಿ. ನಿಮಗಷ್ಟ."

"ನನ್ನ ಮ್ಯಾಲ ಯಾಕ್ರಿ ಇಷ್ಟ್ ಕಾಳಜಿ?"

ಈ ಪ್ರಶ್ನೆಗೆ ಅವಳು ಉತ್ತರ ಕಟ್ಟಿಕೊಂಡೇ ಬಂದಿದ್ದಳು. "ಹಳೇದೆಲ್ಲಾ ನಾ ಮರತೀನ್ರಿ ಅಣ್ಣಾರ. ನೀವೂ ಮರೀರಿ. ಕಾಳು ಹಸಿ ಇದ್ರ ಇರವಲ್ದ್ಯಾಕ, ಮೊದ್ಲ ಚೀಲಕ್ಕ ತುಂಬಿಸ್ರಿ," ಎಂದು ಹೇಳಿ ಫೋನು ಇಟ್ಟಳು. ಇಡೀ ಮಾತಿನಲ್ಲಿ ಅವಳು ಹೇಳಿದ ಸುಳ್ಳು, ಹಳೆಯದನ್ನು ಮರೆತಿದ್ದೇನೆ ಎಂಬುದೊಂದೇ.

ಹಸಿ ಭತ್ತವನ್ನು ಚೀಲಕ್ಕೆ ತುಂಬಿದರೆ ಒಳಗೊಳಗೇ ಕಾವು ಏರುತ್ತದೆ. ಅಕ್ಕಿ ಹಳದಿಯಾಗುತ್ತದೆ, ಮುಗ್ಗು ವಾಸನೆ ಹೊಡೆಯುತ್ತದೆ, ಮಿಲ್ಲಿನವನು ಒಂದು ಹಿಡಿ ಮೂಸಿ ಚೀಲ ಪಕ್ಕಕ್ಕಿಡುತ್ತಾನೆ. ರಾಶಿ ಮಾಡಿ ತಾಡಪತ್ರಿ ಮುಚ್ಚಿ ಬಹಳ ದಿನ ಬಿಟ್ಟರೂ ಅದೇ ಗತಿ. ಭತ್ತದ ಊರಿನಲ್ಲಿ ಇದು ಎಲ್ಲರಿಗೂ ಗೊತ್ತು. ಪ್ರಭುರಾಜನ ಭತ್ತ ಇನ್ನೂ ಅರ್ಧ ಹಸಿಯಾಗಿತ್ತು. ಅವನು ಆ ಸಂಜೆ ಚಹಾದಂಗಡಿಯಲ್ಲಿ ಕೂತು ಲೆಕ್ಕ ಹಾಕಿದ. ಎರಡು ವರ್ಷ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ ಹೆಂಗಸು ಊರಲ್ಲಿ ಯಾರಿಗೂ ಇಲ್ಲದ ಫೋನು ತನಗೊಬ್ಬನಿಗೇ ಮಾಡುತ್ತಾಳೆ. ಹಸಿ ಇದ್ದರೂ ತುಂಬು ಎನ್ನುತ್ತಾಳೆ. ಮಳೆಯ ನೆವ ಹೇಳಿ ತನ್ನ ಮಾಲನ್ನು ಚೀಲದಲ್ಲೇ ಕೊಳೆಸಬೇಕೆಂದಿದ್ದಾಳೆ. ತೂಫಾನು ಆಂಧ್ರಕ್ಕೆ ಹೋಗುತ್ತದೆ, ಇಲ್ಲಿ ಬರೀ ಮೋಡ. ಅವನು ತೊಡೆ ತಟ್ಟಿಕೊಂಡು ನಕ್ಕನಂತೆ.

ಇದನ್ನೆಲ್ಲ ಶನಿವಾರ ಮಧ್ಯಾಹ್ನ ಹುಲಿಗವ್ವ ಬಂದು ಹೇಳಿದಳು. "ಹಮಾಲರನ್ನ ವಾಪಸ್ ಕಳಿಸ್ಯಾನ. ತಾಡಪತ್ರಿ ಮಡಚಿಸಿ ಒಳಗ ಇಡಿಸ್ಯಾನ. ಎರಡು ದಿನ ಬಿಸಲು ಬಿದ್ರ ಒಣಗತೈತಿ, ತೆಳ್ಳಗ ಹರವ್ರಿ ಅಂತ ನಮ್ಮ ಕೈಲೆ ರಸ್ತಾ ತುಂಬ ಹರವಿಸ್ಯಾನ." ಅಷ್ಟು ಹೇಳಿ ಲಲಿತಾಳ ಮುಖವನ್ನೇ ನೋಡಿದಳು. "ನೀ ಅವಗ ಯಾಕ ಫೋನ್ ಮಾಡಿದಿ ಅಂತ ನನಗ ಗೊತ್ತಾತು, ಯವ್ವಾ."

"ಮಳಿ ಬರತೈತಿ ಅಂತ ಹೇಳೀನಿ. ತಪ್ಪೇನೈತಿ ಅದರಾಗ?"

"ತಪ್ಪೇನಿಲ್ಲ," ಎಂದು ಹುಲಿಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಅವಗ ಹಂಗ ಹೇಳಬೇಕಿತ್ತು."

ಕಾಲುವೆ ರಸ್ತೆಯ ಸಣ್ಣ ರೈತರು ಮಾತ್ರ ಶನಿವಾರವೇ ತುಂಬಿಕೊಂಡು ಹೋದರು. ಅವರೂ ಲಲಿತಾಳನ್ನು ನೋಡಿ ನಕ್ಕವರೇ. ಆದರೆ ಜಂಬ ಮಾಡುವಷ್ಟು ಭತ್ತ ಅವರ ಬಳಿ ಇರಲಿಲ್ಲ. ಗುಡಿಯ ಕಟ್ಟೆ, ಪಂಚಾಯಿತಿಯ ಪಡಸಾಲೆ, ಅವರಿವರ ದನದ ಕೊಟ್ಟಿಗೆ, ಸೂರು ಕಂಡಲ್ಲೆಲ್ಲ ತೆಳ್ಳಗೆ ಸುರುವಿಕೊಂಡರು.

ಭಾನುವಾರ ಬೆಳಗಾದಾಗ ಆಕಾಶ ತೊಳೆದಿಟ್ಟ ತಾಟಿನ ಹಾಗೆ ಹೊಳೆಯುತ್ತಿತ್ತು. ಲಲಿತಾ ಹೊರಗೆ ಬಂದು ನೋಡಿದಳು, ಒಳಗೆ ಹೋಗಿ ಫೋನು ನೋಡಿದಳು, ಮತ್ತೆ ಹೊರಗೆ ಬಂದಳು. ಬಿಸಿಲು ಏರಿದಂತೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರಭುರಾಜನ ದನಿ ಬಂತು. "ಮೇಡಂ, ಮಳಿ ಎಲ್ಲೈತ್ರಿ? ಕುಷ್ಟಗ್ಯಾಗ ಇಳಕೊಂಡಿತೇನು? ಬಸ್ಸಿಗೆ ರೊಕ್ಕ ಬೇಕಾಗಿದ್ರ ಹೇಳ್ರಿ, ಕಳಸ್ತೀನಿ." ಅದರ ಕೆಳಗೆ ನಗುವ ಮುಖಗಳ ಜಾತ್ರೆ. ಲಲಿತಾ ಹೆಸರುಬೇಳೆ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದಳು. ತನ್ನ ಜನ್ಮದಲ್ಲಿ ಅವಳು ಬಿಸಿಲನ್ನು ಇಷ್ಟು ದ್ವೇಷಿಸಿದ್ದಿಲ್ಲ. ಇವತ್ತೂ ಬರದಿದ್ದರೆ ಅವನು ಏನೇನು ಮಾಡಬಹುದೆಂದು ನೆನೆದಳು. ಊರು ಬಿಟ್ಟು ಯಲಬುರ್ಗಾದ ಚಿಕ್ಕಮ್ಮನ ಮನೆಗೆ ಹೋಗಿಬಿಡಬೇಕು ಎಂದೂ ಅಂದುಕೊಂಡಳು.

ಊಟದ ಹೊತ್ತು ದಾಟಿದ ಮೇಲೆ ಕಂಪ್ಲಿ ಕಡೆಯ ಆಕಾಶ ಕಪ್ಪಾಯಿತು. ಮೊದಲು ಒಂದು ತಂಪು ಗಾಳಿ ಬೀಸಿ ಬೀದಿಯ ಧೂಳನ್ನೆಲ್ಲ ಎಬ್ಬಿಸಿತು. ಆಮೇಲೆ ಒಂದೊಂದೇ ದಪ್ಪ ಹನಿ ಮಾಳಿಗೆಯ ಮೇಲೆ ಬಿತ್ತು. ಲಲಿತಾ ಅಂಗಳದಲ್ಲಿ ನಿಂತು ಅಂಗೈ ಒಡ್ಡಿದಳು. ಹನಿಗಳು ಒತ್ತಾದವು, ಮಳೆ ಧಾರೆಯಾಯಿತು, ಎದುರು ಮನೆ ಕಾಣದಂತಾಯಿತು.

"ಒಳಗ ಬಾರ, ಹುಚ್ಚಿ! ತೊಯ್ಸಿಕೋತೀಯಲ್ಲ!" ಎಂದು ಕಳಕಮ್ಮ ಬಾಗಿಲಿನಿಂದ ಕೂಗಿದಳು.

"ತೊಯ್ಸಿಕೋತೀನಿ ಬಿಡಬೇ!" ಎಂದು ಲಲಿತಾ ಕೂಗಿದಳು. ಅವಳು ನಗುತ್ತಿದ್ದಳು. ಒಂದೊಂದು ಹನಿಯೂ ಎಲ್ಲಿ ಬೀಳುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಇನ್ನಷ್ಟು ಸುರಿ, ಇನ್ನಷ್ಟು ಸುರಿ ಎಂದು ಮನಸ್ಸಿನೊಳಗೇ ಹೇಳಿಕೊಂಡಳು. ಇಷ್ಟು ಸಂತೋಷ ಅವಳಿಗೆ ರೇಡಿಯೋದಲ್ಲಿ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ.

ಸೋಮವಾರ ಜಿಟಿಜಿಟಿ ಹಿಡಿದೇ ಇತ್ತು. ಕೆಲಸಕ್ಕೆ ಹೋಗುವ ದಾರಿ ಅದಲ್ಲದಿದ್ದರೂ ಲಲಿತಾ ಕನಕಗಿರಿ ರಸ್ತೆಗೆ ಆಟೋ ಹಿಡಿದಳು. ಲೇಔಟಿನ ಎದುರಿಗೆ ಮಿರ್ಚಿ ಬಂಡಿ ನಿಂತಿತ್ತು. ಬಿಸಿ ಮಿರ್ಚಿ ಕಟ್ಟಿಸಿಕೊಂಡು ಅಲ್ಲೇ ನಿಂತು ನೋಡಿದಳು. ಡಾಂಬರು ರಸ್ತೆಗಳು ಕಾಲುವೆಗಳಾಗಿದ್ದವು. ಭತ್ತ ನೀರಿನೊಂದಿಗೆ ಹರಿದು ಚರಂಡಿ ತುಂಬಿತ್ತು, ನಿವೇಶನದ ಗುಂಡಿಗಳಲ್ಲಿ ತೇಲುತ್ತಿತ್ತು, ಕಮಾನಿನ ಬುಡದಲ್ಲಿ ಕೆಸರಿನೊಡನೆ ಗುಡ್ಡೆಯಾಗಿತ್ತು. ಹೆಂಗಸರು ಬುಟ್ಟಿಗಳಲ್ಲಿ ಬಳಿಯುತ್ತಿದ್ದರು. ಎಲ್ಲರ ನಡುವೆ ಪ್ರಭುರಾಜ, ಪ್ಯಾಂಟು ಮೊಣಕಾಲಿಗೆ ಮಡಚಿ, ತಾನೇ ಸಲಿಕೆ ಹಿಡಿದು ನೀರು ದೂಡುತ್ತಿದ್ದ. ಅವನ ಅಂಗಿ ಬೆನ್ನಿಗಂಟಿತ್ತು. ಲಲಿತಾ ಮಿರ್ಚಿಯನ್ನು ಅವಸರವಿಲ್ಲದೆ, ಸಣ್ಣ ಸಣ್ಣ ತುಂಡು ಮಾಡಿ ತಿಂದಳು.

ಹೇಳಬೇಕಾದ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಕೈ ಒರೆಸಿಕೊಂಡು ರಸ್ತೆ ದಾಟಿದಳು. ಅವನು ತಲೆಯೆತ್ತಿ ಅವಳನ್ನು ಕಂಡ. ಸಲಿಕೆ ಕೆಳಗೆ ಬಿಟ್ಟ. ಈಗ ಬಯ್ಯುತ್ತಾನೆ, ಬಯ್ಯಲಿ, ಎಂದು ಅವಳು ಸೆರಗು ಬಿಗಿದು ನಿಂತಳು. ಅವನು ಕೆಸರು ಕೈಗಳನ್ನು ಎದೆಯ ಹತ್ತಿರ ಜೋಡಿಸಿದ.

"ನೀ ಹೇಳಿದ್ದಿ ತಂಗಿ," ಎಂದ. "ನನಗೊಬ್ಬವಗ ಫೋನ್ ಮಾಡಿ ಹೇಳಿದ್ದಿ. ನನ್ನ ಬುದ್ಧಿಗೆ ಮಣ್ಣ ಬಿತ್ತು."

ಮೇಡಂ ಎನ್ನುತ್ತಿದ್ದವನು ತಂಗಿ ಎಂದಿದ್ದ. ಅದು ಅವಳಿಗೆ ಮೈಮೇಲೆ ಹುಳ ಬಿದ್ದಂತಾಯಿತು. ನಾಲಿಗೆಯ ತುದಿಯಲ್ಲಿದ್ದದ್ದನ್ನು ನುಂಗಿ, ಮತ್ತೆ ರಸ್ತೆ ದಾಟಿ ಆಟೋ ಹಿಡಿದಳು.

ವಾರ ಕಳೆಯುವುದರೊಳಗೆ ಲೇಔಟಿನ ಭತ್ತಕ್ಕೆ ಬಿಳಿ ಮೊಳಕೆ ಬಂತು. ದನಗಳೂ ಮೂಸಿ ಬಿಟ್ಟವು ಎಂದು ಹುಲಿಗವ್ವ ವರದಿ ತಂದಳು. ಲಲಿತಾ ಆ ಸುದ್ದಿಯನ್ನು ಸಕ್ಕರೆಯಂತೆ ಚಪ್ಪರಿಸಬೇಕೆಂದು ಕೂತಳು. ರುಚಿ ಹತ್ತಲಿಲ್ಲ. ಊರಿನ ತುಂಬ ಬೇರೆಯೇ ಮಾತು ಓಡಾಡುತ್ತಿತ್ತು. ಛತ್ರಿ ಹಿಡಿದವನಿಗೇ ಫೋನು ಮಾಡಿ ಎಚ್ಚರ ಹೇಳಿದಳಂತೆ, ಎಂಥ ಹೆಣ್ಣುಮಗಳು ಎಂದು ಜನ ಬಾಯಿ ಚಪ್ಪರಿಸುತ್ತಿದ್ದರು. ಬಸ್ಸಿನಲ್ಲಿ ಗುರುತಿಲ್ಲದವರು ಎದ್ದು ಸೀಟು ಕೊಟ್ಟರು.

ಶುಕ್ರವಾರ ಅವಳು ಯಾರ್ಡಿಗೆ ಬಂದಾಗ ಮೆಟ್ಟಿಲ ಬುಡದಲ್ಲಿ ಜನ ಸೇರಿದ್ದರು. ಹಮಾಲರು, ದಲಾಲಿ ಅಂಗಡಿಯವರು, ಕಾಲುವೆ ರಸ್ತೆಯ ರೈತರು. ನಡುವೆ ಪ್ರಭುರಾಜ, ಒಂದು ಕೈಯಲ್ಲಿ ಸೇವಂತಿ ಹಾರ, ಇನ್ನೊಂದರಲ್ಲಿ ಜರಿಯ ಶಾಲು. ಮಾಜೀದ ಮೇಲಿನಿಂದ ಧ್ವನಿಪೆಟ್ಟಿಗೆ ಇಳಿಸಿ ತಂದಿದ್ದ.

"ನೋಡ್ರಿ ಎಲ್ಲಾರೂ," ಎಂದು ಪ್ರಭುರಾಜ ಶುರು ಮಾಡಿದ. "ಇದ ಯಾರ್ಡಿನಾಗ ನಾ ಈ ನನ್ನ ತಂಗಿಗೆ ಅವಮಾನ ಮಾಡೀನಿ. ಆಕಿ ಮನಸ್ಸಿನಾಗ ಇಟಗೊಂಡಿಲ್ಲ. ಮಳಿ ಬರೂ ಮುಂದ ನನಗ ಫೋನ್ ಹಚ್ಚಿ, ಅಣ್ಣಾ ತುಂಬಕೋ ಅಂದಾಳ. ನನ್ನ ಒಡಹುಟ್ಟಿದವರು ಸೈತ ಹೇಳಲಿಲ್ಲ. ಈಕಿ ಹೇಳ್ಯಾಳ." ಹಾರ ಹಿಡಿದ ಕೈಯಲ್ಲೇ ಅವನು ತನ್ನ ಕೆನ್ನೆಗೆ ಹೊಡೆದುಕೊಂಡ. ಅದು ನಾಟಕವಲ್ಲ ಎಂಬುದನ್ನೇ ಲಲಿತಾಳಿಗೆ ತಡೆಯಲಾಗಲಿಲ್ಲ. ಅವನು ಅವಳ ಹೆಗಲಿಗೆ ಶಾಲು ಹೊದಿಸಿದ, ಜನ ಚಪ್ಪಾಳೆ ತಟ್ಟಿದರು.

ಏಟು ತಿಂದವನಿಗೆ ಕೊಟ್ಟವರು ಯಾರೆಂದೇ ಗೊತ್ತಾಗದಿದ್ದರೆ ಅದೆಂಥ ಸೇಡು? ಎರಡು ವರ್ಷ ನುಂಗಿದ್ದೆಲ್ಲ ಲಲಿತಾಳ ಗಂಟಲಿಗೆ ಬಂತು. ಅವಳು ಶಾಲು ಕಿತ್ತು ಅವನ ಕೈಗೇ ತುರುಕಿದಳು.

"ಅಣ್ಣಾರ, ಇಲ್ಲಿ ಕೇಳ್ರಿ. ನೀವು ತುಂಬಬಾರದು ಅಂತನ ನಾ ಫೋನ್ ಮಾಡಿದ್ದು. ನಾ ಹೇಳಿದ್ರ ನೀವು ನಂಬೂದಿಲ್ಲ, ಹಮಾಲರನ್ನ ವಾಪಸ್ ಕಳಸ್ತೀರಿ ಅಂತ ನನಗ ಗೊತ್ತಿತ್ತು. ನಿಮ್ಮ ಭತ್ತ ಕೆಡಿಸಿದಾಕಿ ನಾನ!"

ಪ್ರಭುರಾಜ ಅವಳ ಮುಖವನ್ನು ನೋಡಿದ. ಲಲಿತಾ ಆ ಕ್ಷಣಕ್ಕಾಗಿಯೇ ಬದುಕಿದ್ದವಳಂತೆ ಅವನ ಕಣ್ಣಲ್ಲಿ ಕಣ್ಣಿಟ್ಟು ನಿಂತಳು. ಈಗ ಗೊತ್ತಾಗುತ್ತದೆ, ಈಗ.

ಅವನ ಕಣ್ಣು ತುಂಬಿ ಬಂತು. ಜನರ ಕಡೆ ತಿರುಗಿದ.

"ಕೇಳಿದ್ರಿಲ್ಲ? ತಪ್ಪು ನನ್ನ ತಲಿ ಮ್ಯಾಲ ಇರಬಾರದು ಅಂತ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾಳ! ಇಂಥಾ ಮನಸು ಎಲ್ಲಿ ಸಿಗತೈತ್ರಿ?"

"ಖರೇನ ಹೇಳಾಕತ್ತೀನ್ರಿ!" ಎಂದು ಲಲಿತಾ ಚೀರಿದಳು. "ಮಿರ್ಚಿ ತಿನಕೋತ ನಿಂತು ನೋಡೀನಿ ನಾ!"

ಜನ ಹೋ ಎಂದು ನಕ್ಕರು. ಅಕ್ಕರೆಯ ನಗು. ಮುದುಕನೊಬ್ಬ ಮುಂದೆ ಬಂದು ಅವಳ ತಲೆಯ ಮೇಲೆ ಕೈಯಿಟ್ಟು, ಸಾಕು ಬಿಡವ್ವ, ನೀ ಎಂಥಾಕಿ ಅಂತ ನಮಗೇನ್ ಗೊತ್ತಿಲ್ಲೇನು ಎಂದ. ಪ್ರಭುರಾಜ ಶಾಲನ್ನು ಮತ್ತೆ ಹೊದಿಸಿದ. "ಇನ್ನ ಮ್ಯಾಲ ನೀ ಹಗಲಿಗೆ ರಾತ್ರಿ ಅಂದ್ರೂ ನಾ ದೀಪ ಹಚ್ಚತೀನಿ, ತಂಗಿ," ಎಂದ.

ಮೆಟ್ಟಿಲು ಹತ್ತುವಾಗ ಹುಲಿಗವ್ವ ಬೆನ್ನ ಹಿಂದೆ ಬಂದು ಕಿವಿಯ ಹತ್ತಿರ ಬಾಗಿದಳು. "ಯವ್ವಾ, ಇನ್ನ ನೀ ಏನ್ ಅಂದ್ರೂ ನಂಬತಾನ. ಇನ್ನ ಅರ್ಧ ಗದ್ದಿ ಕೊಯ್ದಿಲ್ಲ. ಯಂತ್ರ ನಿಂತೈತಿ, ನೀ ಹೇಳೂದ ಕಾಯಾಕತ್ತಾನ. ಒಂದ ಸಲ ಸುಳ್ಳು ಓದಿಬಿಡು."

ಲಲಿತಾ ಒಳಗೆ ಬಂದು ಮೈಕಿನ ಮುಂದೆ ಕೂತಳು. ಆ ವಾರದ ಮುನ್ನೋಟ ಮೇಜಿನ ಮೇಲಿತ್ತು. ಅದನ್ನು ತಿರುಚುವುದು ಎಷ್ಟು ಸುಲಭವೆಂದು ಅವಳಿಗೆ ಕಂಡಿತು. ಆದರೆ ಕೆಳಗೆ ಯಾರ್ಡಿನಲ್ಲಿ ಮಾಜೀದನ ಧ್ವನಿಪೆಟ್ಟಿಗೆ ಇನ್ನೂ ಹಾಗೇ ಇತ್ತು. ಅದರ ಸುತ್ತ ಕಾಲುವೆ ರಸ್ತೆಯವರೆಲ್ಲ ಕೂತಿದ್ದರು. ಈಗ ಅವಳನ್ನು ನಂಬುವವನು ಪ್ರಭುರಾಜನೊಬ್ಬನೇ ಆಗಿರಲಿಲ್ಲ. ಮಾಜೀದ ಗಾಜಿನ ಆಚೆಯಿಂದ ಕೈ ಬೀಸಿ ಸೂಚನೆ ಕೊಟ್ಟ.

"ಗಂಗಾವತಿ ತಾಲೂಕಿನಲ್ಲಿ ಮುಂದಿನ ವಾರ ಪೂರ್ತಿ ಒಣ ಹವೆ ಇರಲಿದೆ," ಎಂದು ಅವಳು ಓದಿದಳು. "ಭತ್ತದ ಕೊಯ್ಲಿಗೆ ಹಾಗೂ ಒಣಗಿಸುವುದಕ್ಕೆ ಅನುಕೂಲಕರ ವಾತಾವರಣವಿದೆ."

ತೆರೆದ ಕಿಟಕಿಯಿಂದ ಪ್ರಭುರಾಜನ ಹುರುಪಿನ ದನಿ ಒಳಗೆ ಬಂತು. "ಯಂತ್ರ ಗದ್ದಿಗೆ ಇಳಸ್ರೋ! ನನ್ನ ತಂಗಿ ಹೇಳಿ ಆತು!"

ಇನ್ನು ಮೇಲೆ ಪ್ರತಿ ಶುಕ್ರವಾರ ಅವನ ಭತ್ತ ಕಾಯುವ ಕೆಲಸ ತನ್ನದೇ ಎಂಬುದು ಲಲಿತಾಳಿಗೆ ಆಗ ಹೊಳೆಯಿತು. ಅವಳು ಹಲ್ಲು ಕಚ್ಚಿ ಹಾಳೆ ತಿರುಗಿಸಿ ಕುಷ್ಟಗಿಯ ಹವಾಮಾನ ಓದತೊಡಗಿದಳು.